ಬೆಟ್ಟ ಇಳಿದು ನಾಟಕಕ್ಕೆ: ಕಡಿಮೆ ದುಡ್ಡಿನ ಟಿಕೆಟ್ ಹಿಡಿಯುವ ಬಗೆ

"ನಾಟಕದ ಟಿಕೆಟ್ ಕಮ್ಮಿಗೆ ಎಲ್ಲಿ ಸಿಗ್ತದೆ?" ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ಕುಶಾಲನಗರದ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡವರು ಕೇಳುವುದು ಇದೊಂದೇ. ಪ್ರತಿ ಸಲ ಅರ್ಧ ಹೇಳುತ್ತೇನೆ, ಅಷ್ಟರಲ್ಲಿ ಬಸ್ ಬರುತ್ತದೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಇದು ರಂಗಭೂಮಿಯ ನಾಟಕದ ಮಾತು. ನಮ್ಮಲ್ಲಿ ಥಿಯೇಟರ್ ಎಂದರೆ ಸಿನಿಮಾ ಎಂದೇ ಅರ್ಥವಾಗುವುದರಿಂದ ಇದನ್ನು ಮೊದಲೇ ಹೇಳಿಬಿಟ್ಟೆ.

ಮೈಸೂರಿನವರಿಗೂ ಬೆಂಗಳೂರಿನವರಿಗೂ ಹೇಳುವ ಸಲಹೆ ಕೊಡಗಿನವರಿಗೆ ಸಾಲದು. ಅವರು ಊಟ ಮುಗಿಸಿ ಸ್ಕೂಟರ್ ಹತ್ತಿದರೆ ರಂಗಮಂದಿರದ ಬಾಗಿಲಲ್ಲಿರುತ್ತಾರೆ. ನಮಗೆ ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು 260ರ ಮೇಲೆ, ರೈಲು ಇಲ್ಲ. ಹಾಗಾಗಿ ನಮ್ಮ ರಿಯಾಯಿತಿಯ ಲೆಕ್ಕವೇ ಬೇರೆ.

1. ಮೊದಲು ಒಂದು ಚೀಟಿಯಲ್ಲಿ ಖರ್ಚು ಬರೆಯಿರಿ

ನಗಬೇಡಿ, ನಿಜವಾಗಿಯೂ ಬರೆಯಿರಿ. ಟಿಕೆಟ್ ₹200 ಎಂದು ಇಟ್ಟುಕೊಳ್ಳಿ. ಹೇಗೋ ಕಷ್ಟಪಟ್ಟು 20% ರಿಯಾಯಿತಿ ಗಿಟ್ಟಿಸಿದಿರಿ ಎನ್ನೋಣ. ಉಳಿದದ್ದು ತಲೆಗೆ ₹40. ಈಗ ಕಾರಿನ ಲೆಕ್ಕ ನೋಡಿ. ಮೈಸೂರಿಗೆ ಹೋಗಿ ಬರಲು 240 ಕಿಲೋಮೀಟರ್. ಲೀಟರಿಗೆ 15 ಕೊಡುವ ಕಾರಾದರೆ 16 ಲೀಟರ್ ಪೆಟ್ರೋಲ್. ಲೀಟರಿಗೆ ನೂರು ರೂಪಾಯಿ ಎಂದು ಕಡಿಮೆ ಹಿಡಿದರೂ ₹1,600. ಇಬ್ಬರೇ ಹೋದರೆ ತಲೆಗೆ ₹800, ನಾಲ್ವರು ಹೋದರೆ ₹400. ಅಂದರೆ ಹಿಂದಿನ ಸೀಟಿನಲ್ಲಿ ಇನ್ನಿಬ್ಬರನ್ನು ಕೂರಿಸಿಕೊಂಡರೆ ಸಿಗುವ ಉಳಿತಾಯ ಟಿಕೆಟಿನ ರಿಯಾಯಿತಿಯ ಹತ್ತು ಪಟ್ಟು. ಬೆಂಗಳೂರಾದರೆ ಇದರ ಮೇಲೆ ಎಕ್ಸ್‌ಪ್ರೆಸ್‌ವೇ ಟೋಲ್, ರಾತ್ರಿ ಉಳಿದರೆ ಲಾಡ್ಜ್.

ಇಷ್ಟು ಬರೆದ ಮೇಲೆ ಎಲ್ಲಿ ಹಿಡಿತ ಬಿಗಿಮಾಡಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ಮೊದಲು ಪ್ರಯಾಣ, ಆಮೇಲೆ ರಾತ್ರಿ ಉಳಿಯುವುದು, ಕೊನೆಗೆ ಟಿಕೆಟ್. ಜನ ಮಾಡುವುದು ಇದರ ತಿರುವುಮುರುವು.

2. ಎಲ್ಲಿ, ಯಾವಾಗ ಎಂಬುದನ್ನು ತಿಳಿದಿಟ್ಟುಕೊಳ್ಳಿ

ನಮಗೆ ಹತ್ತಿರದ್ದು ಮೈಸೂರಿನ ರಂಗಾಯಣ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ಸರ್ಕಾರಿ ರೆಪರ್ಟರಿ. ರೆಪರ್ಟರಿ ಎಂದರೆ ಸಂಬಳದ ಕಲಾವಿದರನ್ನು ಇಟ್ಟುಕೊಂಡು ವರ್ಷವಿಡೀ ನಾಟಕ ಕಟ್ಟುವ ತಂಡ. ಕಲಾಮಂದಿರದ ಆವರಣದಲ್ಲಿರುವ ಭೂಮಿಗೀತ ರಂಗಮಂದಿರದಲ್ಲಿ ವಾರಾಂತ್ಯದ ಪ್ರದರ್ಶನಗಳಿರುತ್ತವೆ, ಸಾಮಾನ್ಯವಾಗಿ ಭಾನುವಾರ ಸಂಜೆ 6.30ರ ಹೊತ್ತಿಗೆ. ಸರ್ಕಾರದ ಸಂಸ್ಥೆಯಾದ್ದರಿಂದ ಟಿಕೆಟ್ ಮೊದಲೇ ಅಗ್ಗ. ಅಲ್ಲಿ ಇನ್ನೂ ಕಡಿಮೆ ಮಾಡಿ ಎಂದು ಚೌಕಾಸಿಗೆ ಇಳಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಅದೇ ರಂಗಾಯಣದ ಬಹುರೂಪಿ ರಾಷ್ಟ್ರೀಯ ನಾಟಕೋತ್ಸವ ಡಿಸೆಂಬರಿನಿಂದ ಮಾರ್ಚ್ ನಡುವೆ ಯಾವಾಗಲಾದರೂ ಬರುತ್ತದೆ, ದಿನಾಂಕ ವರ್ಷಕ್ಕೊಂದು. ಅದು ನಮ್ಮ ಕಾಫಿ ಕುಯ್ಲಿನ ಕಾಲಕ್ಕೇ ಬೀಳುವುದು ನಮ್ಮ ಕರ್ಮ. ಕಣದಲ್ಲಿ ಹಣ್ಣು ಹರಡಿಕೊಂಡು ಆಕಾಶ ನೋಡುತ್ತ ಕೂತವರಿಗೆ ನಾಟಕ ನೆನಪಾಗುವುದು ಕಷ್ಟ. ಆದರೆ ಬೇರೆ ರಾಜ್ಯಗಳ, ಬೇರೆ ಭಾಷೆಗಳ ನಾಟಕವನ್ನು ಇಷ್ಟು ಹತ್ತಿರ, ಇಷ್ಟು ಕಡಿಮೆ ದುಡ್ಡಿಗೆ ನೋಡಲು ಬೇರೆ ಅವಕಾಶವಿಲ್ಲ. ಒಂದು ದಿನ ಕಣವನ್ನು ಮನೆಯ ಬೇರೆ ಯಾರಿಗಾದರೂ ವಹಿಸಿ ಹೋಗಿಬನ್ನಿ. ಮಧ್ಯಾಹ್ನವೇ ತಲುಪಿದರೆ ಜಾನಪದ ಪ್ರದರ್ಶನ, ಪುಸ್ತಕದ ಮಳಿಗೆ ಇವುಗಳಿಗೆ ಟಿಕೆಟ್ಟೇ ಬೇಡ.

ಬೆಂಗಳೂರಿನಲ್ಲಿ ಜೆ.ಪಿ. ನಗರದ ರಂಗಶಂಕರ 2004ರಿಂದ ಇದೆ. ಸೋಮವಾರ ಬಿಟ್ಟು ಉಳಿದ ದಿನ ಸಂಜೆ 7.30ಕ್ಕೆ ನಾಟಕ. ಭಾನುವಾರ ಸಾಮಾನ್ಯವಾಗಿ ಮಧ್ಯಾಹ್ನ 3.30ಕ್ಕೂ ಒಂದು ಪ್ರದರ್ಶನ ಇರುತ್ತದೆ. ಈ ಮಧ್ಯಾಹ್ನದ ಆಟವನ್ನು ಗುರುತು ಹಾಕಿಕೊಳ್ಳಿ, ಕೊಡಗಿನವರಿಗೆ ಅದೇ ಅಸಲಿ ರಿಯಾಯಿತಿ. ಐದೂವರೆ ಹೊತ್ತಿಗೆ ಹೊರಬಂದರೆ ಅದೇ ರಾತ್ರಿ ಊರಿನ ಬಸ್ ಹಿಡಿಯಬಹುದು, ಲಾಡ್ಜಿನ ಖರ್ಚು ಪೂರ್ತಿ ಉಳಿಯಿತು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಹನುಮಂತನಗರದ ಕೆ.ಎಚ್. ಕಲಾಸೌಧ ಇವುಗಳಲ್ಲಿ ಹವ್ಯಾಸಿ ತಂಡಗಳ ಕನ್ನಡ ನಾಟಕ ಹೆಚ್ಚು.

3. ಪುಕ್ಕಟೆ ಇರುವುದನ್ನು ಬಿಡಬೇಡಿ

ಹೊರಗೆ ಹೋಗುವ ಮುನ್ನ ಊರನ್ನು ನೋಡಿ. ಮಡಿಕೇರಿ ದಸರೆಯ ಗಾಂಧಿ ಮೈದಾನದ ವೇದಿಕೆ, ಗೋಣಿಕೊಪ್ಪಲಿನ ದಸರೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಾರ್ಯಕ್ರಮ, ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳ ಕಾರ್ಯಕ್ರಮ, ಇವುಗಳಲ್ಲಿ ನಾಟಕ ಇದ್ದರೆ ನೋಡಲು ದುಡ್ಡು ಕೊಡಬೇಕಾಗಿಲ್ಲ. ತೊಂದರೆ ಏನೆಂದರೆ ಆಹ್ವಾನ ಪತ್ರಿಕೆ ಹಂಚುವ ಹೊತ್ತಿಗೆ ಕಾರ್ಯಕ್ರಮ ನಾಳೆಯೋ ನಾಡಿದ್ದೋ ಇರುತ್ತದೆ. ತಿಂಗಳಿಗೊಮ್ಮೆ ಇಲಾಖೆಯ ಜಿಲ್ಲಾ ಕಚೇರಿಗೆ ಫೋನ್ ಮಾಡಿ ಕೇಳುವುದು ರೂಢಿಯಾಗಲಿ.

ಸಂಪಾಜೆ ಕಡೆಯವರಿಗೆ ಯಕ್ಷಗಾನದ ಭಾಗ್ಯವೂ ಉಂಟು. ಧರ್ಮಸ್ಥಳ, ಕಟೀಲಿನಂಥ ಮೇಳಗಳ ತಿರುಗಾಟದಲ್ಲಿ ನಡೆಯುವುದು ಹೆಚ್ಚಾಗಿ ಹರಕೆ ಆಟ. ಯಾರೋ ಭಕ್ತರು ಹರಕೆ ಹೊತ್ತು ಖರ್ಚು ಕೊಟ್ಟು ಆಡಿಸುತ್ತಾರೆ, ನೋಡುವವರಿಗೆ ಟಿಕೆಟಿಲ್ಲ. ಮಳೆಗಾಲ ಮುಗಿದ ಮೇಲೆ ಶುರುವಾಗಿ ಮೇ ಕೊನೆಯಲ್ಲಿ ಮೇಳಗಳು ತಿರುಗಾಟ ಮುಗಿಸುವ ದಿನವಾದ ಪತ್ತನಾಜೆಯ ತನಕ. ಹೊದೆಯಲು ಒಂದು ಶಾಲು ತೆಗೆದುಕೊಂಡು ಹೋಗಿ, ಸಾಕು.

ಮಾರ್ಚ್ 27 ವಿಶ್ವ ರಂಗಭೂಮಿ ದಿನ. ಆ ವಾರದಲ್ಲಿ ಕೆಲವು ತಂಡಗಳು ಉಚಿತವಾಗಿ ಆಡುವುದುಂಟು. ಮೈಸೂರು ದಸರೆಯ ಸಭಾಂಗಣ ಕಾರ್ಯಕ್ರಮಗಳಲ್ಲೂ ಬಹುಪಾಲಿಗೆ ಪ್ರವೇಶ ಉಚಿತ, ಆದರೆ ಆ ಹತ್ತು ದಿನ ಲಾಡ್ಜಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಅದೇ ದಿನ ಮರಳುವ ಹಾಗಿದ್ದರೆ ಮಾತ್ರ ಹೋಗಿ.

4. ತಂಡಕ್ಕೆ ನೇರವಾಗಿ ಫೋನ್ ಮಾಡಿ

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇದು. ಬಾಡಿಗೆಗೆ ಕೊಡುವ ರಂಗಮಂದಿರಗಳಲ್ಲಿ ಟಿಕೆಟಿನ ದರ ನಿಗದಿ ಮಾಡುವುದು ಸಾಮಾನ್ಯವಾಗಿ ರಂಗಮಂದಿರದವರಲ್ಲ, ನಾಟಕ ಆಡುವ ತಂಡದವರು. ಕೌಂಟರಿನಲ್ಲಿ ಕೂತ ಹುಡುಗನಿಗೆ ಹತ್ತು ರೂಪಾಯಿ ಬಿಡುವ ಅಧಿಕಾರವೂ ಇರುವುದಿಲ್ಲ. ಪೋಸ್ಟರಿನ ಕೆಳಗೆ ಸಣ್ಣಕ್ಷರದಲ್ಲಿ ಒಂದು ಮೊಬೈಲ್ ನಂಬರ್ ಇರುತ್ತದಲ್ಲ, ಕೇಳಬೇಕಾದ್ದು ಅವರನ್ನು.

ಪ್ರದರ್ಶನಕ್ಕೆ ಒಂದು ವಾರ ಮೊದಲು, ಮಧ್ಯಾಹ್ನದ ಹೊತ್ತು ಮಾಡಿ. ನಾಟಕದ ದಿನ ಸಂಜೆ ಮಾಡಿದರೆ ಅತ್ತ ಲೈಟ್ ಕಟ್ಟುವವನ ಕೂಗಾಟದ ನಡುವೆ ನಿಮಗೆ ಉತ್ತರ ಸಿಗುವುದಿಲ್ಲ. ಕೇಳುವಾಗ "ಕಮ್ಮಿ ಮಾಡ್ತೀರಾ?" ಎಂದು ಶುರು ಮಾಡಬೇಡಿ. "ಕೊಡಗಿನಿಂದ ಎಂಟು ಜನ ಬರ್ತಾ ಇದ್ದೇವೆ, ಇಬ್ಬರು ಕಾಲೇಜಿನವರು, ಗುಂಪಿಗೆ ಅಥವಾ ವಿದ್ಯಾರ್ಥಿಗಳಿಗೆ ಏನಾದರೂ ರಿಯಾಯಿತಿ ಉಂಟಾ?" ಎನ್ನಿ. ಅಷ್ಟು ದೂರದಿಂದ ಬರುತ್ತೇವೆ ಎಂದಾಗಲೇ ಅರ್ಧ ಕೆಲಸ ಆಗಿರುತ್ತದೆ. ಒಪ್ಪಿದರೆ ಯಾರ ಹೆಸರಿನಲ್ಲಿ, ಎಷ್ಟು ಟಿಕೆಟ್, ಎಷ್ಟು ದರ ಎಂಬುದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ ರಿಯಾಯಿತಿ ಕೌಂಟರಿಗೆ ತಲುಪಿರುವುದಿಲ್ಲ.

ಹೊಸ ನಾಟಕವಾದರೆ ಗ್ರ್ಯಾಂಡ್ ರಿಹರ್ಸಲ್ ಇದೆಯೇ ಎಂದೂ ಕೇಳಿ. ಮೊದಲ ಪ್ರದರ್ಶನದ ಮುಂಚೆ ವೇಷ, ಬೆಳಕು, ಸಂಗೀತ ಎಲ್ಲ ಸೇರಿಸಿ ನಡೆಸುವ ಪೂರ್ಣ ತಾಲೀಮು ಅದು. ಆಪ್ತರನ್ನು ಕೂರಿಸಿಕೊಳ್ಳುತ್ತಾರೆ. ನಡುವೆ ನಿಲ್ಲಿಸಬಹುದು, ಮಾತು ಮರೆಯಬಹುದು, ಅದಕ್ಕೆ ತಯಾರಿರಬೇಕು.

ಇಲ್ಲಿ ಒಂದು ಮಾತು ಖಾರವಾಗಿಯೇ ಹೇಳುತ್ತೇನೆ. ಗೌರವ ಪಾಸ್ ಕೇಳಬೇಡಿ. ಒಮ್ಮೆ ಮೈಸೂರಿನಲ್ಲಿ ಒಂದು ಹವ್ಯಾಸಿ ತಂಡದ ಕೌಂಟರ್ ಎದುರು ನಿಂತಿದ್ದೆ. ಕೌಂಟರ್ ಎಂದರೆ ಒಂದು ಪ್ಲಾಸ್ಟಿಕ್ ಮೇಜು, ಅದರ ಮೇಲೆ ಬಿಸ್ಕತ್ತಿನ ಡಬ್ಬದಲ್ಲಿ ಚಿಲ್ಲರೆ. ಟಿಕೆಟ್ ಹರಿದು ಕೊಡುತ್ತಿದ್ದ ಹೆಣ್ಣುಮಗಳ ಮುಖಕ್ಕೆ ಆಗಲೇ ಬಣ್ಣ ಬಿದ್ದಿತ್ತು, ಎರಡನೇ ಬೆಲ್ ಆದ ಕೂಡಲೇ ಎದ್ದು ಒಳಗೆ ಓಡಿದಳು. ಹಾಲ್ ಬಾಡಿಗೆ, ಲೈಟಿನ ಬಾಡಿಗೆ, ವ್ಯಾನಿನ ಬಾಡಿಗೆ ಕೊಟ್ಟ ಮೇಲೆ ಅಂಥವರ ಕೈಯಲ್ಲಿ ಉಳಿಯುವುದು ಏನೂ ಇಲ್ಲ. ದುಡ್ಡು ಉಳಿಸುವ ದಾರಿ ಬೇಕಾದಷ್ಟಿವೆ, ಅವರ ಡಬ್ಬಕ್ಕೆ ಕೈ ಹಾಕುವುದು ಬೇಡ.

5. ಆನ್‌ಲೈನ್ ಟಿಕೆಟ್: ಎಲ್ಲಿ ದುಡ್ಡು ಸೋರುತ್ತದೆ

ಬುಕ್‌ಮೈಶೋದಂಥ ಆ್ಯಪ್‌ಗಳಲ್ಲಿ ಟಿಕೆಟಿನ ಬೆಲೆಯ ಮೇಲೆ ಕನ್ವೀನಿಯೆನ್ಸ್ ಫೀ ಬೀಳುತ್ತದೆ. ಕುಳಿತಲ್ಲೇ ಟಿಕೆಟ್ ಕೊಟ್ಟದ್ದಕ್ಕೆ ಆ್ಯಪ್‌ನವರು ತೆಗೆದುಕೊಳ್ಳುವ ಶುಲ್ಕ ಅದು. ನಾಟಕದ ಟಿಕೆಟ್ ₹500ರವರೆಗೆ ಇದ್ದರೆ ಅದರ ಮೇಲೆ ಜಿಎಸ್‌ಟಿ ಇಲ್ಲ, ಆದರೆ ಈ ಶುಲ್ಕದ ಮೇಲೆ 18% ಇದೆ. ಶುಲ್ಕ ಟಿಕೆಟಿಗೆ ₹25 ಎಂದುಕೊಂಡರೆ ತೆರಿಗೆ ಸೇರಿ ₹29.50. ಆರು ಟಿಕೆಟಿಗೆ ₹177, ಹೆಚ್ಚುಕಡಿಮೆ ಇನ್ನೊಂದು ಟಿಕೆಟಿನ ದುಡ್ಡು. ಹಣ ಕಟ್ಟುವ ಕೊನೆಯ ಪುಟದಲ್ಲಿ ಮೊತ್ತದ ಪಕ್ಕದ ಬಾಣದ ಗುರುತು ಒತ್ತಿದರೆ ಈ ವಿವರ ತೆರೆದುಕೊಳ್ಳುತ್ತದೆ.

ಹಾಗೆಂದು ಆನ್‌ಲೈನ್ ಬೇಡವೇ ಬೇಡ ಎನ್ನಲಾರೆ. ಬೆಂಗಳೂರಿನವನು ಕೌಂಟರಿಗೆ ಹೋಗಿ ಹೌಸ್‌ಫುಲ್ ಬೋರ್ಡು ಕಂಡರೆ ಮನೆಗೆ ಹೋಗಿ ಮಲಗುತ್ತಾನೆ. ನಾವು ಆರು ಗಂಟೆ ಬಸ್ಸಿನಲ್ಲಿ ಕೂತು ಹೋದವರು ಏನು ಮಾಡುವುದು? ಹೆಸರಾಂತ ನಟರ ನಾಟಕ, ಶನಿವಾರ ಭಾನುವಾರದ ಪ್ರದರ್ಶನ, ಇವಕ್ಕೆ ಆ ಶುಲ್ಕ ಕೊಟ್ಟು ಮೊದಲೇ ಕಾದಿರಿಸಿ. ತಂಡದವರೇ ಟಿಕೆಟ್ ತೆಗೆದಿಡಲು ಒಪ್ಪಿದರೆ ಮಾತ್ರ ಕೌಂಟರನ್ನು ನಂಬಿ.

ಎಡವುವ ಜಾಗಗಳು ಮೂರ್ನಾಲ್ಕು ಇವೆ. "ಅರ್ಲಿ ಬರ್ಡ್" ಎಂದರೆ ಮೊದಲು ಕೊಂಡವರಿಗೆ ಕಡಿಮೆ ದರ, ಆದರೆ ಅಂಥ ಟಿಕೆಟ್ ಕೆಲವೇ ಇರುತ್ತವೆ, ಮುಗಿದ ಮೇಲೂ ಪೋಸ್ಟರ್ ಮಾತ್ರ ಓಡಾಡುತ್ತಿರುತ್ತದೆ. ರಿಯಾಯಿತಿ ಕೋಡ್ ಹಾಕುವಾಗ ಯಾವ ದರದ ಟಿಕೆಟಿಗೆ ಅನ್ವಯ ಎಂಬುದನ್ನು ನೋಡಿ. "ಒಂದಕ್ಕೆ ಒಂದು ಉಚಿತ" ಎಂಬುದನ್ನು ನಂಬಿ ನಾನು ಒಮ್ಮೆ ಎರಡು ದುಬಾರಿ ಸೀಟು ಆರಿಸಿಕೊಂಡೆ, ಲೆಕ್ಕ ಹಾಕಿದರೆ ಹಿಂದಿನ ಸಾಲಿನ ಎರಡು ಟಿಕೆಟ್ ಇದಕ್ಕಿಂತ ಅಗ್ಗವಿದ್ದವು. ಒಮ್ಮೆ ಕೊಂಡ ನಾಟಕದ ಟಿಕೆಟನ್ನು ಬಹುಪಾಲು ರದ್ದು ಮಾಡಲು ಬರುವುದಿಲ್ಲ. ಆಗಸ್ಟಿನಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತು ಎಂದರೆ ಆ್ಯಪ್‌ಗೆ ಅರ್ಥವಾಗುವುದಿಲ್ಲ. ಜೂನ್‌ನಿಂದ ಆಗಸ್ಟ್ ತನಕ ತೀರಾ ಮುಂಚಿತವಾಗಿ ಕೊಳ್ಳದೆ, ಎರಡು ದಿನ ಮೊದಲು ಮಳೆ ನೋಡಿಕೊಂಡು ಕೊಳ್ಳಿ.

ವಾಟ್ಸಾಪಿನಲ್ಲಿ ಬರುವ "ಉಚಿತ ಪಾಸ್" ಕೊಂಡಿಯನ್ನು ಒತ್ತಬೇಡಿ. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕು ಎಂದು ಯಾರಾದರೂ ಹೇಳಿದರೆ ಅದು ಮೋಸವೇ. ಪಿನ್ ಬೇಕಾಗುವುದು ಕೊಡುವಾಗ, ಪಡೆಯುವಾಗ ಅಲ್ಲ. ದುಡ್ಡು ಹೋಯಿತೋ, ತಡ ಮಾಡದೆ 1930ಕ್ಕೆ ಫೋನ್ ಮಾಡಿ.

6. ಗುಂಪು ಕಟ್ಟಿ

ಎಂಟು ಹತ್ತು ಜನರ ಗುಂಪು ಸಾಕು. ಟಿಕೆಟಿಗೂ ಒಳ್ಳೆಯದು, ವಾಹನಕ್ಕೂ ಒಳ್ಳೆಯದು. ನಮ್ಮ ಗುಂಪಿನ ನಿಯಮ ಒಂದೇ: ದುಡ್ಡು ಕೊಟ್ಟವರ ಹೆಸರು ಮಾತ್ರ ಪಟ್ಟಿಯಲ್ಲಿ. "ಬರ್ತೇನೆ ಅಂದ್ಕೊಳ್ಳಿ" ಎಂದವರನ್ನು ಎಣಿಸಿ ವ್ಯಾನ್ ಮಾಡಿದರೆ ಸಂಘಟಿಸಿದವರ ಜೇಬಿಗೆ ಕತ್ತರಿ. ಹಿಂದಿನ ದಿನ ಯಾರ ಮನೆಯಲ್ಲೋ ತಿಥಿ ಬಂತು ಎಂದರೆ ಅವರ ಟಿಕೆಟನ್ನು ಅವರೇ ಬೇರೆಯವರಿಗೆ ಕೊಡಲಿ.

ಶಾಲೆಯವರಾದರೆ ರಂಗಮಂದಿರಕ್ಕೋ ತಂಡಕ್ಕೋ ಶಾಲೆಯ ಲೆಟರ್‌ಹೆಡ್‌ನಲ್ಲಿ ಪತ್ರ ಬರೆಯಿರಿ. ಮಕ್ಕಳಿಗಾಗಿ ವಾರದ ದಿನ ಬೆಳಿಗ್ಗೆ ನಡೆಯುವ ಪ್ರದರ್ಶನದ ದರ ಸಾಮಾನ್ಯವಾಗಿ ಬೇರೆಯೇ ಇರುತ್ತದೆ.

7. ಬಸ್ಸು ಮತ್ತು ಬಾಗಿಲು

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ನಿಗಮದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟಿಗೆ ದುಡ್ಡಿಲ್ಲ. ರಾಜಹಂಸ, ಐರಾವತಕ್ಕೆ ಇದು ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇಟ್ಟುಕೊಂಡರೆ ಆಯಿತು. ವಿರಾಜಪೇಟೆಯ ಕಡೆಯ ನಾಲ್ವರು ಅಕ್ಕಂದಿರು ಈಗ ತಿಂಗಳಿಗೊಂದು ಭಾನುವಾರ ಹೀಗೇ ರಂಗಾಯಣಕ್ಕೆ ಹೋಗುತ್ತಾರೆ. ಅವರ ಖರ್ಚು ಟಿಕೆಟ್, ಒಂದು ಮಸಾಲೆ ದೋಸೆ, ಒಂದು ಕಾಫಿ. ಕಾಫಿ ಬಗ್ಗೆ ಮಾತ್ರ ಅವರದು ಯಾವಾಗಲೂ ತಕರಾರು.

ಮಡಿಕೇರಿ, ಕುಶಾಲನಗರದ ಬಸ್ಸು ಹುಣಸೂರು ರಸ್ತೆಯಿಂದ ಮೈಸೂರಿಗೆ ಬರುತ್ತದೆ, ಕಲಾಮಂದಿರ ಇರುವುದೂ ಅದೇ ರಸ್ತೆಯಲ್ಲಿ. ಹತ್ತಿರದಲ್ಲಿ ಇಳಿಸಿ ಎಂದು ಕಂಡಕ್ಟರಿಗೆ ಮೊದಲೇ ಹೇಳಿದರೆ ಬಸ್ ನಿಲ್ದಾಣದವರೆಗೆ ಹೋಗಿ ಆಟೋದಲ್ಲಿ ಹಿಂತಿರುಗುವ ದುಡ್ಡು ಉಳಿಯುತ್ತದೆ. ವಾಪಸಿನ ಕೊನೆಯ ಬಸ್ಸಿನ ಸಮಯವನ್ನು ಹೋದ ಕೂಡಲೇ ನಿಲ್ದಾಣಕ್ಕೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಸ್ವಂತ ವಾಹನದಲ್ಲಿ ಗೋಣಿಕೊಪ್ಪಲಿನ ಕಡೆಗೆ ಮರಳುವವರಿಗೆ ಆನೆಚೌಕೂರು, ತಿತಿಮತಿಯ ಕಾಡುದಾರಿಯಲ್ಲಿ ಆನೆಯ ಭಯ ಇದ್ದೇ ಇದೆ. ತಡವಾದರೆ ಮೈಸೂರಿನ ನೆಂಟರ ಮನೆಯೇ ಕ್ಷೇಮ.

ಬೆಂಗಳೂರಿನಲ್ಲಿ ನಮ್ಮ ಬಸ್ಸಿನವರು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದರೆ ಹತ್ತಿರದ ಮೆಟ್ರೊ ದೀಪಾಂಜಲಿ ನಗರ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಜಯನಗರ, ಜೆ.ಪಿ. ನಗರದ ಕಡೆ ಹೋದರೆ ಆಟೋದ ದೊಡ್ಡ ಬಾಡಿಗೆ ತಪ್ಪುತ್ತದೆ.

ಸಮಯದ ವಿಷಯದಲ್ಲಿ ಸಡಿಲ ಬೇಡ. ರಂಗಶಂಕರದಲ್ಲಿ 7.30 ಎಂದರೆ 7.30, ಆಮೇಲೆ ಬಂದವರನ್ನು ಬಿಡುವುದಿಲ್ಲ, ಟಿಕೆಟ್ ಇದ್ದರೂ ಅಷ್ಟೇ. ಅಂಥದ್ದೇ ಶಿಸ್ತಿನ ಒಂದು ರಂಗಮಂದಿರಕ್ಕೆ ನಾನು ನಾಲ್ಕು ನಿಮಿಷ ತಡವಾಗಿ ತಲುಪಿ, ಮುಚ್ಚಿದ ಬಾಗಿಲಿನ ಆಚೆ ಜನ ನಗುವುದನ್ನು ಕೇಳುತ್ತ ನಿಂತಿದ್ದೇನೆ. ಅಂದು ರಿಯಾಯಿತಿಯಲ್ಲಿ ಕೊಂಡ ಟಿಕೆಟ್ ಜೇಬಿನಲ್ಲೇ ಇತ್ತು. ಸೀಟಿಗೆ ನಂಬರ್ ಇಲ್ಲದ ಕಡೆ ಬೇಗ ಹೋದವರಿಗೆ ಅದೇ ದರಕ್ಕೆ ಮುಂದಿನ ಸಾಲು ಸಿಗುತ್ತದೆ ಎಂಬುದೂ ನೆನಪಿರಲಿ.

8. ಮಕ್ಕಳ ಮನೆಗೆಂದು ವಿದೇಶಕ್ಕೆ ಹೋದವರಿಗೆ

ನ್ಯೂಯಾರ್ಕ್, ಲಂಡನ್‌ಗೆ ಮಗಳ ಬಾಣಂತನಕ್ಕೆ ಹೋದವರೂ ಈ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಟಿಕೆಟ್ಟೇ ದೊಡ್ಡ ಖರ್ಚು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ 1973ರಿಂದ ಟಿಕೆಟಿಎಸ್ (TKTS) ಎಂಬ ಟಿಕೆಟ್ ಕೌಂಟರ್ ಇದೆ, ಅಂದಿನ ಪ್ರದರ್ಶನಗಳಲ್ಲಿ ಮಾರಾಟವಾಗದೆ ಉಳಿದ ಟಿಕೆಟನ್ನು 20ರಿಂದ 50% ಕಡಿಮೆಗೆ ಮಾರುತ್ತಾರೆ. ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ 1980ರಿಂದ ಇಂಥದ್ದೇ ಒಂದಿದೆ. ಅದರ ಸುತ್ತಮುತ್ತ "ಅರ್ಧ ಬೆಲೆ" ಎಂದು ಬೋರ್ಡು ಹಾಕಿಕೊಂಡ ಬೇರೆ ಅಂಗಡಿಗಳೂ ಇವೆ, TKTS ಎಂಬ ಹೆಸರು ನೋಡಿ ನಿಲ್ಲಿ. "ರಶ್" ಎಂದರೆ ಪ್ರದರ್ಶನದ ದಿನವೇ ಕಡಿಮೆ ದರಕ್ಕೆ ಬಿಡುವ ಕೆಲವು ಟಿಕೆಟ್. "ಲಾಟರಿ" ಎಂದರೆ ಹಿಂದಿನ ದಿನವೋ ಅಂದೋ ಆನ್‌ಲೈನಿನಲ್ಲಿ ಹೆಸರು ಹಾಕುವುದು, ಬಂದರೆ ಕಡಿಮೆ ಬೆಲೆಗೆ ಕೊಳ್ಳುವ ಹಕ್ಕು, ಬಾರದಿದ್ದರೆ ನಷ್ಟವಿಲ್ಲ. ಲಂಡನ್ನಿನ ಗ್ಲೋಬ್‌ನಲ್ಲಿ ಅಂಗಳದಲ್ಲಿ ನಿಂತು ನೋಡುವ ಟಿಕೆಟ್ ತುಂಬ ಅಗ್ಗ, ಮಂಡಿ ಗಟ್ಟಿಯಿದ್ದರೆ ಮಾತ್ರ.

9. ನಾಟಕವನ್ನೇ ಬೆಟ್ಟ ಹತ್ತಿಸಿ

ಮೊದಲ ಹಂತದ ಚೀಟಿಯನ್ನು ಇನ್ನೊಮ್ಮೆ ನೋಡಿ. ನೂರೈವತ್ತು ಜನ ಮೈಸೂರಿಗೆ ಹೋಗುವ ಖರ್ಚಿಗಿಂತ ಒಂದು ತಂಡ ಇಲ್ಲಿಗೆ ಬರುವ ಖರ್ಚು ಕಡಿಮೆ. ಹೆಗ್ಗೋಡಿನ ನೀನಾಸಂ 1985ರಿಂದ ತಿರುಗಾಟ ನಡೆಸುತ್ತಿದೆ, ವರ್ಷಕ್ಕೆ ಒಂದೆರಡು ಹೊಸ ನಾಟಕ ಕಟ್ಟಿಕೊಂಡು ಊರೂರು ಸುತ್ತುವ ತಂಡ. ಸಾಣೇಹಳ್ಳಿಯ ಶಿವಸಂಚಾರವೂ ಹಾಗೆಯೇ. ಇವರನ್ನು ಕರೆಸಲು ಊರಿನಲ್ಲಿ ಒಂದು ಸಂಘ ಹೊಣೆ ಹೊರಬೇಕು. ತಂಡಕ್ಕೆ ಕೊಡುವ ಸಂಭಾವನೆ, ರಂಗಮಂದಿರದ ಬಾಡಿಗೆ, ಹದಿನೈದಿಪ್ಪತ್ತು ಜನರಿಗೆ ಊಟ ಮತ್ತು ಮಲಗುವ ವ್ಯವಸ್ಥೆ, ಇಷ್ಟು ಲೆಕ್ಕ. ಕೊಡಗಿನಲ್ಲಿ ಇಪ್ಪತ್ತು ಜನರಿಗೆ ಅಡುಗೆ ಮಾಡುವುದು ಯಾವ ಮನೆಗೂ ದೊಡ್ಡ ಮಾತಲ್ಲ.

ದಿನಾಂಕಗಳು ಬೇಗ ತುಂಬುತ್ತವೆ. ಇಲ್ಲಿ ಮಳೆ ಸುರಿಯುತ್ತಿರುವಾಗಲೇ, ಜುಲೈ ಆಗಸ್ಟಿನಲ್ಲಿ ಪತ್ರ ಬರೆದು ನಿಮ್ಮ ಊರನ್ನು ಪಟ್ಟಿಗೆ ಸೇರಿಸಲು ಕೇಳಿ. ಮೈಸೂರು, ಹುಣಸೂರು ಅಥವಾ ಸುಳ್ಯದ ಸಂಘದವರ ಜೊತೆ ಮಾತಾಡಿ ಹಿಂದುಮುಂದಿನ ದಿನ ಹಿಡಿದರೆ ವ್ಯಾನಿನ ಖರ್ಚು ಹಂಚಿಹೋಗುತ್ತದೆ. ರಂಗಮಂದಿರ ಕಾದಿರಿಸುವ ಮುನ್ನ ಕರೆಂಟಿನ ಲೋಡ್ ಎಷ್ಟು, ಜನರೇಟರ್ ಇದೆಯೇ, ವೇದಿಕೆಯ ಹಿಂದೆ ಬಣ್ಣ ಹಚ್ಚಲು ಕೋಣೆ, ಕನ್ನಡಿ, ನೀರು ಇವೆಯೇ ಎಂದು ನಿಂತು ನೋಡಿ. ಕುಯ್ಲಿನ ತಿಂಗಳಾದರೆ ಆಟವನ್ನು ಏಳು ಗಂಟೆಗೆ ಇಡಿ, ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸಿ ಕೈಕಾಲು ತೊಳೆದು ಬರಲು ಜನರಿಗೆ ಅಷ್ಟು ಹೊತ್ತು ಬೇಕು.